ವಾಂಡಾ ಕರಿದ ಮೀನು

ಝಿಗ್ಗಿ ಬದುಕಿದ್ದ ಕೊನೆಯ ಶುಕ್ರವಾರ ಅವನ ಹೆಂಡತಿ ವಾಂಡಾ ಮಾಡಿದ ಕೆಲಸ ಇಷ್ಟು: ಬಟ್ಟೆ ಒಗೆದಳು, ಪಕ್ಕದ ಮನೆಯ ನಾಯಿಯನ್ನು ಬೈದಳು, ಗಂಡನ ಮರ್ಯಾದೆಯನ್ನು ರೊಟ್ಟಿಪುಡಿಯಲ್ಲಿ ಹೊರಳಿಸಿ ಕರಿದಳು.

ಹನ್ನೊಂದು ಗಂಟೆಗೆ ಅವನು ಈರಿ ಸರೋವರದಿಂದ ಬಂದು ಐಸ್ ಪೆಟ್ಟಿಗೆಯನ್ನು ಹಿತ್ತಿಲ ಮೆಟ್ಟಿಲ ಮೇಲಿಟ್ಟ. ಮುಖ ಕೆಂಪಗಾಗಿತ್ತು.

"ವಾಂಡಾ, ಇದನ್ನ ಮುಟ್ಬೇಡ. ಬೆರಕೆ ಬಾಸ್ ಮೀನು ಕಣೇ! ಅಪ್ಪ ದೊಡ್ಡಬಾಯಿ ಬಾಸು, ಅಮ್ಮ ಚಿಕ್ಕಬಾಯಿ ಬಾಸು. ಇಪ್ಪತ್ತಾರು ವರ್ಷ ಹುಡುಕಿದೀನಿ. ಆರ್ವಿಲ್‌ನ ಕರ್ಕೊಂಡ್ ಬರ್ತೀನಿ, ಕಣ್ಣಾರೆ ನೋಡ್ಲಿ ಅವನು."

"ನಮ್ಮನೇಲಿ ದೊಡ್ಡಬಾಯಿ ನಾನೇ," ಎಂದಳು ವಾಂಡಾ. ಅಷ್ಟರಲ್ಲಿ ಅವನ ಗಾಡಿ ಹೊರಟಾಗಿತ್ತು.

ಆರ್ವಿಲ್ ದೋಣಿಕಟ್ಟೆಯ ಹತ್ತಿರ ಎರೆಹುಳ, ಗಾಳ ಮಾರುವವನು. ಅವನ ಅಂಗಡಿಯ ಗೋಡೆ ಮೇಲೆ ಫೋಟೋ ಇದ್ದರೆ ಮೀನು ಹಿಡಿದದ್ದು ನಿಜ, ಇಲ್ಲದಿದ್ದರೆ ಬೊಗಳೆ. ಅದು ಆ ಊರಿನ ಗಂಡಸರ ಕಾನೂನು. ವಾಂಡಾಳ ಕಾನೂನು ಬೇರೆ: ಶುಕ್ರವಾರ ಮನೆಗೆ ಬಂದ ಮೀನು ಹನ್ನೆರಡರೊಳಗೆ ಬಾಣಲೆ ಕಾಣಬೇಕು. ಗಂಡನ 'ಮುಟ್ಬೇಡ'ವನ್ನು ನಲವತ್ತು ವರ್ಷದಲ್ಲಿ ಅವಳು ಒಮ್ಮೆಯೂ ಕಿವಿಗೆ ಹಾಕಿಕೊಂಡವಳಲ್ಲ. ಆರ್ವಿಲ್ ಬಂದರೆ ಊಟಕ್ಕೇ ಕೂರುತ್ತಾನೆ, ನಾಲ್ಕು ತುಂಡು ಹೆಚ್ಚಿಗೆ ಬೇಕು ಎಂದು ಚಾಕು ಮಸೆದಳು. ತಲೆ, ಮುಳ್ಳು, ಚರ್ಮ ಎಲ್ಲ ಕಾಗದದಲ್ಲಿ ಸುತ್ತಿ ಕಸಕ್ಕೆ. ಕಸದ ಲಾರಿಯೂ ಆಗಲೇ ಬಂದು ಒಯ್ದಿತು. ಇಷ್ಟು ಚುರುಕಾಗಿ ಅವಳು ಜನ್ಮದಲ್ಲಿ ಬೇರೆ ಯಾವ ಕೆಲಸವನ್ನೂ ಮುಗಿಸಿರಲಿಲ್ಲ.

ಆರ್ವಿಲ್ ಬಂದು ತಟ್ಟೆ ನೋಡಿದ. "ಝಿಗ್ಗಿ, ಇದೇನಾ ನಿನ್ನ ಬೆರಕೆ? ನಂಗೆ ಆಲೂಗಡ್ಡೆ ಥರ ಕಾಣ್ತಿದೆ ಕಣೋ."

ಝಿಗ್ಗಿ ಕೂಗಾಡಲಿಲ್ಲ. ಹೆಂಡತಿಯನ್ನು ಒಮ್ಮೆ ನೋಡಿದ, ಕುರ್ಚಿ ಎಳೆದುಕೊಂಡು ಆರ್ವಿಲ್ ಜೊತೆ ಕೂತು ತಿಂದ. ಮರುದಿನ ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಾಗಿದವನು ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಆರ್ವಿಲ್ ಎಲೆಕೋಸಿನ ಸುರುಳಿ ತಿನ್ನುತ್ತ ಯಾರಿಗೋ ಹೇಳುತ್ತಿದ್ದ: "ಚಿನ್ನದಂಥ ಮನುಷ್ಯ. ಮೀನಿನ ವಿಷಯದಲ್ಲಿ ಮಾತ್ರ ಒಂಚೂರು ಬೊಗಳೆ ಬಿಡ್ತಿದ್ದ."

ವಾಂಡಾಳ ಕೈಯಲ್ಲಿದ್ದ ತಟ್ಟೆ ಕೆಳಗಿಳಿಯಿತು. ಝಿಗ್ಗಿ ಸತ್ತದ್ದು ದೇವರ ಕೆಲಸ. ಸುಳ್ಳ ಎನಿಸಿಕೊಂಡು ಸತ್ತದ್ದು ಅವಳ ಕೆಲಸ.

ಮುಂದಿನ ಜೂನ್ ತಿಂಗಳಲ್ಲಿ ಅವನ ದೋಣಿಯನ್ನು ನೀರಿಗಿಳಿಸಿದಳು. ಅಂಥದ್ದೇ ಇನ್ನೊಂದು ಹಿಡಿದು ಆರ್ವಿಲ್‌ನ ಮೂಗಿಗೆ ಹಿಡಿಯಬೇಕು. ಆದರೆ ಗಾಳ ಎಸೆದು ಗೊತ್ತಿಲ್ಲ. ಅವಳಿಗೆ ಮೀನಿನ ಪರಿಚಯವಿದ್ದದ್ದು ಕುಯ್ದ ಹೊಟ್ಟೆಯ ಒಳಗಡೆಯಿಂದ. ಮೊದಲ ವಾರ ಹಿಡಿದದ್ದು ಒಂದು ಟೈರು, ತನ್ನದೇ ಟೋಪಿ, ತನ್ನದೇ ಕಿವಿ. ಕಿವಿಯಿಂದ ಕೊಕ್ಕೆ ಬಿಡಿಸಿದವನು ಆರ್ವಿಲ್.

"ವಾಂಡಾ, ಇದನ್ನ ತೂಕಕ್ಕೆ ಹಾಕ್ಲಾ?"

"ಹಾಕು. ನಿನ್ನ ಮಿದುಳಿಗಿಂತ ಜಾಸ್ತಿ ತೂಗುತ್ತೆ."

ಆಮೇಲಾಮೇಲೆ ಮೀನೂ ಬಂದವು. ದವಡೆ ಕಣ್ಣು ದಾಟಿ ಹೋದರೆ ದೊಡ್ಡಬಾಯಿ, ದಾಟದಿದ್ದರೆ ಚಿಕ್ಕಬಾಯಿ. ಝಿಗ್ಗಿ ಊಟಕ್ಕೆ ಕೂತಾಗಲೆಲ್ಲ ಕೊರೆದದ್ದು ಇದು. ಆಗ ಅವಳು ಸಾರು ಬಡಿಸುವ ನೆಪದಲ್ಲಿ ಎದ್ದುಹೋಗುತ್ತಿದ್ದಳು. ಒಂದೊಂದನ್ನೂ ನೋಡಿ ನೋಡಿ ನೀರಿಗೆ ಬಿಟ್ಟಳು.

ಆಗಸ್ಟಿನ ಒಂದು ಮಧ್ಯಾಹ್ನ ಸಾಸೇಜು ಕಡಿಯುತ್ತ, ಖಾಲಿ ಸೀಟನ್ನೇ ಝಿಗ್ಗಿ ಎಂದುಕೊಂಡು ಗಟ್ಟಿಯಾಗಿ ಬೈಯುತ್ತಿದ್ದಾಗ ಗಾಳದ ಕೋಲು ಜಾರಿತು. ಅದರ ಮೇಲೆ ಬಿದ್ದಳು. ಊಟ ಸರೋವರದ ಪಾಲು, ಮಂಡಿಯ ಚರ್ಮ ದೋಣಿಯ ಪಾಲು. ಎಳೆದಾಗ ಬಂದ ಮೀನಿನ ದವಡೆ ಸರಿಯಾಗಿ ಕಣ್ಣಿನ ಅಂಚಿಗೆ ನಿಂತಿತ್ತು. ಮೈಯ ಪಟ್ಟೆ ಅರ್ಧ ಚಿಕ್ಕಬಾಯಿಯಂತೆ ಅಡ್ಡ, ಅರ್ಧ ದೊಡ್ಡಬಾಯಿಯಂತೆ ಉದ್ದ. ದೋಣಿಯಲ್ಲಿಟ್ಟಿದ್ದ ಬಟ್ಟೆ ಒಗೆಯುವ ತೊಟ್ಟಿಗೆ ನೀರು ತುಂಬಿ ಅದರಲ್ಲಿ ಬಿಟ್ಟು ಮನೆಗೆ ತಂದಳು. ಆ ಬೇಸಿಗೆಯಿಡೀ ಅವಳು ದೋಣಿಯಲ್ಲಿ ಚಾಕು ಇಟ್ಟಿರಲಿಲ್ಲ. ತನ್ನ ಮೇಲೆ ನಂಬಿಕೆ ಇರಲಿಲ್ಲ.

ವಾಂಡಾ ಕರೆಸಿದ ಮೀನು ಇಲಾಖೆಯ ಹೆಂಗಸು ಈಜುರೆಕ್ಕೆಯ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದಳು. ಮೂರು ವಾರಕ್ಕೆ ಕಾಗದ ಬಂತು: ಬೆರಕೆಯೇ. ಆರ್ವಿಲ್ ವಾಂಡಾಳ ಫೋಟೋಗೆ ಚೌಕಟ್ಟು ಹಾಕಿಸಿಕೊಂಡು ಬಂದ.

"ನನ್ನ ಮೂತಿ ಯಾಕೋ ಗೋಡೆಗೆ? ಮೊದಲು ಹಿಡಿದೋನು ಝಿಗ್ಗಿ."

"ಅದಕ್ಕೆ ಸಾಕ್ಷಿ ಎಲ್ಲಿದೆ ತಾಯಿ?"

"ಕುಯ್ದೋಳು ನಾನು. ತಿಂದೋನು ನೀನು. ಮೂರು ತುಂಡು ತಿಂದೆ."

ಆರ್ವಿಲ್ ತೊಟ್ಟಿಯ ಮೇಲೆ ಬಗ್ಗಿ ಮೀನಿನ ದವಡೆ ನೋಡಿದ. ಟೋಪಿ ತೆಗೆದ.

"ನಾಲ್ಕು," ಎಂದ.

ಇಲಾಖೆಯವರ ಒಪ್ಪಿಗೆ ಪಡೆದು ಅವನು ಅದನ್ನು ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದಾನೆ. ಮೇಲೊಂದು ಹಲಗೆ. ವಾಂಡಾ ಹೇಳಿದಳು, ಅವನು ಬರೆದು ಕೆಳಗೆ ಸಹಿ ಹಾಕಿದ: 'ಬೆರಕೆ ಬಾಸ್. ಇಂಥದ್ದನ್ನು ಈ ಊರಲ್ಲಿ ಮೊದಲು ಹಿಡಿದವನು ಝಿಗ್ಗಿ. ಹೆಂಡತಿ ಅದನ್ನು ಕರಿದುಹಾಕಿದಳು.' ಓದಿದ ಗಂಡಸರು ನಗುತ್ತಾರೆ. ನಗಲಿ, ಈಗ ನಗುವುದು ಅವಳನ್ನು ನೋಡಿ.

ತೊಟ್ಟಿಯ ಗಾಜಿಗೆ ದಿನವೂ ಪಾಚಿ ಕಟ್ಟುತ್ತದೆ. ಬೆಳಿಗ್ಗೆ ಆರಕ್ಕೆ, ಮೊದಲ ಗಿರಾಕಿ ಬರುವ ಮುಂಚೆ, ವಾಂಡಾ ಅಂಗಿಯ ತೋಳು ಮಡಚಿ ಅದನ್ನು ಉಜ್ಜುತ್ತಾಳೆ.