ಕರಿಬೇವಿನ ಪಂಡಿತನೂ ಪಕ್ಕದ ಮನೆಯ ಮಂಡಿಯೂ

ನನಗೆ ಬರುವ ವಿದ್ಯೆಗಳು ಎರಡೇ: ಕಾರಿನ ಬ್ರೇಕು ಮತ್ತು ಕರಿಬೇವು. ಮೊದಲನೆಯದರಿಂದ ಸಂಬಳ, ಎರಡನೆಯದರಿಂದ ಮರ್ಯಾದೆ. ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಂಟನ್ನಿನ ಚಳಿಯಲ್ಲಿ ಕರಿಬೇವನ್ನು ಬದುಕಿಸುವುದೆಂದರೆ ಸಾಮಾನ್ಯ ಮಾತಲ್ಲ. ಅಕ್ಟೋಬರಿನಲ್ಲಿ ಕುಂಡವನ್ನು ಬೇಸ್‌ಮೆಂಟಿಗೆ ಇಳಿಸಿ, ಮೇಲೆ ಟ್ಯೂಬ್‌ಲೈಟ್ ಕಟ್ಟಿ, ಆಗಾಗ ಹುಳಿ ಮಜ್ಜಿಗೆ ಎರೆದು, ಮೇ ತಿಂಗಳವರೆಗೆ ಬಾಣಂತನ ಮಾಡಬೇಕು. ಇದನ್ನೆಲ್ಲ ನಾನು ಕೇಳದವರಿಗೂ ಹೇಳುತ್ತೇನೆ.

ಹೀಗಿರುವಾಗ ರಿಸೆಷನ್ನಿನ ಒಂದು ಚಳಿಗಾಲದಲ್ಲಿ ವರ್ಷಗಳಿಂದ ಪಕ್ಕದ ಮನೆಯಲ್ಲಿದ್ದ ಡ್ಯಾರೆಲ್ ತಾನಾಗಿಯೇ ಕೇಳಲು ಬಂದ. ಅವನು ಎಂಟು ವರ್ಷ ಪ್ರೊಫೆಷನಲ್ ಅಮೆರಿಕನ್ ಫುಟ್‌ಬಾಲ್ ಆಡಿ ಎರಡೂ ಮಂಡಿ ಹಾಳುಮಾಡಿಕೊಂಡವನು. ಮೆಟ್ಟಿಲನ್ನು ಬೆನ್ನು ಮುಂದಾಗಿ ಇಳಿಯುತ್ತಿದ್ದ. ಜೂನಿನಲ್ಲಿ ಮಗಳ ಮದುವೆ. ಕೋಲಿಲ್ಲದೆ ಅವಳನ್ನು ಚರ್ಚಿನೊಳಗೆ ನಡೆಸಿಕೊಂಡು ಹೋಗಬೇಕೆಂಬುದೊಂದೇ ಅವನ ಆಸೆ. ನೋವಿನ ಮಾತ್ರೆ ನುಂಗಿದರೆ ದಿನವಿಡೀ ತೂಕಡಿಕೆ. ಮಿಷಿಗನ್ನಿನಲ್ಲಿ ನೋವಿಗೆ ಗಾಂಜಾ ಬಳಸಲು ಬಿಡುವ ಹೊಸ ಕಾನೂನು ಆಗಷ್ಟೇ ಬಂದಿತ್ತು. ಡಾಕ್ಟರ ಚೀಟಿ, ರಾಜ್ಯದ ಕಾರ್ಡು ಎರಡನ್ನೂ ಪಡೆದು ಅವನು ಮನೆಯೊಳಗೆ ಗಾಂಜಾ ಗಿಡ ಬೆಳೆಸಿದ್ದ, ಅದು ಬಾಡುತ್ತಿತ್ತು. ನಮ್ಮ ಬೇಸ್‌ಮೆಂಟಿನ ಬೆಳಕು ನೋಡಿ, ನಾನೂ ಅದೇ ಕಸುಬಿನವನೆಂದು ತಿಳಿದು ಬಂದಿದ್ದ.

ಆಡುವ ಕಾಲದಲ್ಲಿ ನೋವಾದರೆ ಸೂಜಿ ಚುಚ್ಚಿ ಮತ್ತೆ ಮೈದಾನಕ್ಕೆ ಕಳಿಸುತ್ತಿದ್ದರಂತೆ, ಈ ಸೊಪ್ಪು ಮುಟ್ಟಿದರೆ ಮಾತ್ರ ಆಟದಿಂದಲೇ ಹೊರಗಂತೆ. ನಮ್ಮ ಆಯುರ್ವೇದದಲ್ಲಿ ಈ ಗಿಡದ ಹೆಸರು ವಿಜಯಾ. ಗೆಲ್ಲುವುದೇ ಕೆಲಸವಾದವರಿಗೆ ವಿಜಯೆಯೇ ನಿಷಿದ್ಧ ಎಂದೆ, ಅವನು ನಕ್ಕ. ನನಗೆ ನಗು ಬರಲಿಲ್ಲ. ಆಫೀಸಿನಲ್ಲಿ ಅರ್ಧ ಕುರ್ಚಿಗಳು ಖಾಲಿಯಾಗಿದ್ದವು, ನನ್ನ ಗ್ರೀನ್ ಕಾರ್ಡಿನ ಅರ್ಜಿ ಯಾವುದೋ ಮೇಜಿನ ಮೇಲೆ ಮಲಗಿತ್ತು. ರಾಜ್ಯ ಒಪ್ಪಿದರೂ ಗ್ರೀನ್ ಕಾರ್ಡು ಕೊಡುವ ಕೇಂದ್ರಕ್ಕೆ ಗಾಂಜಾ ಅಪರಾಧವೇ. ಗಿಡದ ವಿಷಯ ನನಗೇನೂ ಗೊತ್ತಿಲ್ಲ ಎಂದು ಹಸಿ ಸುಳ್ಳು ಹೇಳಿ ಅವನನ್ನು ಕಳಿಸಿಬಿಟ್ಟೆ. ಆಮೇಲೆ ನಾಚಿಕೆಯಾಯಿತು.

ನನ್ನ ಹೆಂಡತಿ ಸುಧಾ ಎಲ್ಲವನ್ನೂ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು.

“ಕರಿಬೇವಿನ ಪುರಾಣ ಊರಿಗೆಲ್ಲ ಹೇಳ್ತೀರಿ, ಅವರಿಗೂ ಅಷ್ಟೇ ಹೇಳಿ. ಅದನ್ನ ಯಾವ ಗಿಡಕ್ಕೆ ಮಾಡ್ಕೋತಾರೋ ಅವರಿಷ್ಟ,” ಎಂದಳು.

ಶನಿವಾರ ಒಂದು ಕರಿಬೇವಿನ ಸಸಿ ಹಿಡಿದುಕೊಂಡು ಹೋದೆ. ಬರಿಗೈಯಲ್ಲಿ ಹೋಗುವುದುಂಟೇ? ಒಂದು ಗಂಟೆ ಕರಿಬೇವಿನ ಬಗ್ಗೆ, ಕೇವಲ ಕರಿಬೇವಿನ ಬಗ್ಗೆ, ಭಾಷಣ ಮಾಡಿದೆ. ಡ್ಯಾರೆಲ್ ಶ್ರದ್ಧೆಯಿಂದ ಬರೆದುಕೊಂಡ. ಉತ್ಸಾಹದಲ್ಲಿ ಹುಳಿ ಮಜ್ಜಿಗೆಯನ್ನೂ ಹೇಳಿಬಿಟ್ಟಿದ್ದೆ. ಅವನು ಅದನ್ನು ಕರಿಬೇವು, ಗಾಂಜಾ ಎರಡರ ಕುಂಡಕ್ಕೂ ಧಾರಾಳವಾಗಿ ಸುರಿದ; ಎರಡು ವಾರ ಆ ಮನೆಯವರು ಮೂಗು ಮುಚ್ಚಿಕೊಂಡು ಓಡಾಡಿದರು. ಪುಣ್ಯಕ್ಕೆ ಗಿಡಗಳು ಚಿಗುರಿದವು.

ಜೂನಿನ ಮದುವೆಗೆ ನಮ್ಮನ್ನೂ ಕರೆದಿದ್ದ. ಡ್ಯಾರೆಲ್ ಕೋಲಿಲ್ಲದೆ ನಡೆದ. ನನ್ನ ಕಣ್ಣು ತುಂಬಿತು. ಎಲ್ಲ ಆ ಸೊಪ್ಪಿನ ಮಹಿಮೆ, ಅರ್ಥಾತ್ ನನ್ನ ಭಾಷಣದ ಮಹಿಮೆ ಎಂದು ಬೀಗುತ್ತಾ ಸುಧಾಳ ಕಡೆ ತಿರುಗಿದೆ.

“ಆ ಹುಡುಗೀನ ನೋಡಿ,” ಎಂದು ಅವಳು ಪಿಸುಗುಟ್ಟಿದಳು. “ಎಷ್ಟು ನಿಧಾನ ನಡೀತಿದಾಳೆ.”

ನೋಡಿದೆ. ಅಪ್ಪನ ಹೆಜ್ಜೆ ಊರುವವರೆಗೂ ಮಗಳು ತನ್ನ ಹೆಜ್ಜೆ ಎತ್ತುತ್ತಿರಲಿಲ್ಲ. ಇನ್ನೊಬ್ಬರ ಹೆಜ್ಜೆಗೆ ಕಾಯುವ ಈ ಔಷಧಿಗೆ ಯಾವ ರಾಜ್ಯದ ಅಪ್ಪಣೆಯೂ ಬೇಡ. ಬೇಲಿಯಾಚೆಯ ನಾನೂ ಅದನ್ನು ಇಷ್ಟು ವರ್ಷ ಧಾರಾಳವಾಗಿ ಕೊಡಬಹುದಿತ್ತು.