ಭಾವನ ಶಲ್ಯ, ನನ್ನ ಚಪ್ಪಾಳೆ

ಮೊನ್ನೆ ಭಾನುವಾರ ನಮ್ಮ ಜೀವನ್ ಬಿಮಾ ನಗರದ ನಿವಾಸಿಗಳ ಸಂಘದ ಸಭೆಯಲ್ಲಿ ಮೈಕು ಕುಂಯ್ ಎಂದು ಕಿರುಚಿಕೊಂಡಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ನಾನು ಮಾತ್ರ ನೆಟ್ಟಗೆ ಕೂತು, ಅಂಗಿಯ ತೋಳು ಮೇಲಕ್ಕೆ ಸರಿಸಿ, ಎರಡೂ ಅಂಗೈಗಳನ್ನು ಉಜ್ಜಿಕೊಂಡೆ. ಪಕ್ಕದಲ್ಲಿದ್ದ ನನ್ನ ಹೆಂಡತಿ, "ಏನ್ರೀ, ಊಟದ ಎಲೆ ಮುಂದೆ ಕೂತ ಹಾಗೆ ಕೂತಿದೀರಲ್ಲ?" ಎಂದಳು. ಏನು ಹೇಳಲಿ? ಹಳೆಯ ಅಭ್ಯಾಸ. ಮೈಕು ಕಿರುಚಿದರೆ ಭಾಷಣ ಶುರುವಾಯಿತೆಂದು ಅರ್ಥ. ಭಾಷಣ ಶುರುವಾದರೆ ನನ್ನ ಕೈಗಳಿಗೆ ಕೆಲಸ ಬಂತೆಂದು ಅರ್ಥ.

ಸಭೆಯ ವಿಷಯ ನಮ್ಮ ರಸ್ತೆಯ ತರಕಾರಿ ತಳ್ಳುಗಾಡಿಗಳು. ಮಾತಾಡುತ್ತಿದ್ದವರು ಸಂಘದ ಕಾರ್ಯದರ್ಶಿಗಳು. ಬಹಳ ಸಾಧು ಮನುಷ್ಯ, ಬೀದಿನಾಯಿಗೂ 'ಹೋಗಪ್ಪಾ' ಎನ್ನುವವರು. ಆದರೆ ಮೈಕು ಕೈಗೆ ಬಂದರೆ ಎಂಥವರಿಗೂ ಎದೆ ಎರಡು ಅಂಗುಲ ಅಗಲವಾಗುತ್ತದೆ. "ನಾಳೆಯಿಂದ ನಮ್ಮ ರಸ್ತೇಲಿ ಒಂದು ಗಾಡೀನೂ ನಿಲ್ಲಕೂಡದು! ನಿಂತ್ರೆ ಸುಮ್ನೆ ಬಿಡಕೂಡದು!" ಎಂದು ಗುಡುಗಿ ಅವರು ಉಸಿರಿಗಾಗಿ ನಿಲ್ಲಿಸಿದರು. ಇಡೀ ಹಾಲ್ ಗಪ್‌ಚುಪ್ಪಾಯಿತು. ನನ್ನ ಅಂಗೈಗಳು ನನ್ನನ್ನು ಕೇಳದೆ ಎದೆಯ ಮಟ್ಟಕ್ಕೆ ಎದ್ದುಬಂದವು, ಬಂದು ಅಲ್ಲೇ ನಿಂತುಬಿಟ್ಟವು. ಯಾಕೆ ನಿಂತವೆಂದು ಹೇಳಬೇಕಾದರೆ ನಿಮ್ಮನ್ನು ಸ್ವಲ್ಪ ಹಲಸೂರಿನ ತನಕ ಕರೆದುಕೊಂಡು ಹೋಗಬೇಕು. ದೂರವೇನಿಲ್ಲ, ಬನ್ನಿ.

ತೊಂಬತ್ತರ ದಶಕದಲ್ಲಿ ನಾನು ಹಲಸೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಹಗಲು ಹೊತ್ತು ವಿಮಾನಪುರದ ಕಡೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಕೊಡುತ್ತಿದ್ದರು. ಸಂಜೆ ಹೊತ್ತು ನಾಡಿಗೆ ಸಂದೇಶ ಕೊಡುತ್ತಿದ್ದರು. ಬಡಾವಣೆಯಲ್ಲಿ ಯಾವ ಸಭೆಯಾದರೂ ದೊಡ್ಡ ನಾಯಕರು ಬರುವುದು ತಡವಾಗಿಯೇ ತಾನೇ? ಅಲ್ಲಿಯವರೆಗೆ ಜನ ಎದ್ದುಹೋಗದಂತೆ ಹಿಡಿದು ಕೂರಿಸಲು ಒಬ್ಬರು ಬೇಕು. ಆ ಒಬ್ಬರು ನಮ್ಮ ಭಾವ. ಕಂಚಿನ ಕಂಠ, ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಎಡಭುಜದ ಮೇಲೆ ಮಡಿಸಿದ ಶಲ್ಯ. ಮುಖ್ಯ ಭಾಷಣ ಅವರಿಗೆ ಒಮ್ಮೆಯೂ ಸಿಗಲಿಲ್ಲ. ಆದರೂ "ನಾನಿಲ್ದಿದ್ರೆ ನಾಯಕ್ರು ಖಾಲಿ ಕುರ್ಚಿಗಳಿಗೆ ಮಾತಾಡ್ಬೇಕಾಗಿತ್ತು" ಎಂದು ಹೆಮ್ಮೆ ಪಡುತ್ತಿದ್ದರು. ನಿಜವೂ ಹೌದು.

ಭಾವಮೈದ ಮನೆಯಲ್ಲಿ ಪುಕ್ಕಟೆ ಊಟ ಮಾಡಿಕೊಂಡಿದ್ದಾನೆಂದರೆ ಅವನಿಗೊಂದು ಕೆಲಸ ಹಚ್ಚಬೇಕಲ್ಲ? ಭಾವ ನನ್ನನ್ನು ಚಪ್ಪಾಳೆಗೆ ನೇಮಿಸಿದರು. ನಗಬೇಡಿ. ಚಪ್ಪಾಳೆ ತಾನಾಗಿ ಹುಟ್ಟುವುದಿಲ್ಲ, ಯಾರಾದರೊಬ್ಬರು ಶುರು ಮಾಡಬೇಕು. ಮೊದಲನೆಯವನಿಗೆ ಧೈರ್ಯ ಬೇಕು, ಉಳಿದವರಿಗೆ ಏನೂ ಬೇಕಾಗಿಲ್ಲ. ನಮ್ಮ ಏರ್ಪಾಟು ಹೀಗೆ: ನಾನು ವೇದಿಕೆಯ ಬುಡದಲ್ಲಿ, ಮೈಕಿನ ಮುಂದೆಯೇ ಕೂತಿರಬೇಕು. ಭಾವ ಮಾತಿನ ನಡುವೆ ಶಲ್ಯವನ್ನು ಎಡಭುಜದಿಂದ ಬಲಭುಜಕ್ಕೆ ಹಾಕಿಕೊಂಡರೆ ನಾನು ಹೊಡೆಯಬೇಕು. ಬಲದಿಂದ ಎಡಕ್ಕೆ ಬಂದರೂ ಹೊಡೆಯಬೇಕು. ರಾತ್ರಿ ಊಟಕ್ಕೆ ಕೂತಾಗ ಅಕ್ಕ, "ಇವತ್ತು ಶಲ್ಯ ಎಷ್ಟು ಸಲ ಹಾರ್ತೋ?" ಎಂದು ಕೇಳುತ್ತಿದ್ದಳು. ಒಂದು ಸಲ ಯಾರದೋ ಸಂತಾಪ ಸಭೆಯಲ್ಲಿ ಭಾವ ಬೆವರು ಒರೆಸಿಕೊಳ್ಳಲು ಶಲ್ಯ ಎಳೆದರು, ನಾನು ಪಟಪಟ ಹೊಡೆದೆ, ನನ್ನ ಹಿಂದೆ ನಾಲ್ಕೈದು ಜನ ಹೊಡೆದರು. ಸತ್ತವರ ಮಗ ನಮ್ಮಿಬ್ಬರನ್ನು ನೋಡಿದ ನೋಟ ಇದೆಯಲ್ಲ, ಅಯ್ಯೋ, ಅದನ್ನು ನೆನೆದರೆ ಈಗಲೂ ಬೆನ್ನು ಬೆವರುತ್ತದೆ.

ಈ ನಾಟಕವೆಲ್ಲ ನಡೆಯುತ್ತಿದ್ದುದು ಸೆಲ್ವಣ್ಣನ ಮೈಕ್ ಸೆಟ್ಟಿನಲ್ಲಿ. ಸಭೆಗಳು ನಡೆಯುವ ಮೈದಾನದ ಮೂಲೆ ತಿರುಗಿದರೆ ಬಜಾರು, ಅಲ್ಲೇ ಅವನ ಅಂಗಡಿ. ಮದುವೆ, ಕರಗ, ಉರುಸು, ಚರ್ಚಿನ ಹಬ್ಬ, ರಾಜ್ಯೋತ್ಸವ, ಎಲ್ಲಕ್ಕೂ ಅವನೇ. ಭಾವ ಮತ್ತು ಅವನು ಒಂದೇ ಓಣಿಯಲ್ಲಿ ಗೋಲಿ ಆಡಿ ಬೆಳೆದವರು. ಭಾವ ವೇದಿಕೆಯ ಮೇಲೆ ಅಚ್ಚಗನ್ನಡದಲ್ಲಿ ಗುಡುಗಿ, ಕೆಳಗೆ ಇಳಿದೊಡನೆ "ಎನ್ನ ಸೆಲ್ವಂ, ಸೌಂಡ್ ನಲ್ಲಾ ಇರುಂದದಾ?" ಎಂದು, ಸೌಂಡ್ ಚೆನ್ನಾಗಿತ್ತೇ ಅಂತ ತಮಿಳಿನಲ್ಲಿ ವಿಚಾರಿಸುವುದು ನಮಗ್ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಹಲಸೂರೆಂದರೆ ಹಾಗೆಯೇ. ಸೆಲ್ವಣ್ಣನಿಗೆ ತಕರಾರಿದ್ದುದು ನನ್ನ ಮೇಲೆ. "ತಂಬಿ, ನೀನು ಮೈಕ್ ಮುಂದೆ ಕೂತ್ಕೊಂಡು ಹೊಡೀಬೇಡ. ಆ ಕೊನೆ ಹಾರ್ನ್ ಸ್ಪೀಕರಲ್ಲಿ ಪಟಾಕಿ ಹೊಡ್ದಂಗೆ ಕೇಳಿಸ್ತೈತೆ" ಎನ್ನುತ್ತಿದ್ದ. ನನಗೆ ಒಳಗೊಳಗೇ ಖುಷಿ. ಭಾವನ ಜೊತೆಗೆ ನಾನೂ ಬಜಾರಿನ ತುದಿಯವರೆಗೆ ಕೇಳಿಸುತ್ತಿದ್ದೇನಲ್ಲ ಎಂದು.

ನಾನು ಹೇಳಲು ಹೊರಟ ಆ ಸಂಜೆಯ ಸಭೆ ಅಂಗಡಿಗಳ ಬೋರ್ಡಿನಲ್ಲಿ ಕನ್ನಡ ಇರಬೇಕೆಂಬುದರ ಬಗ್ಗೆ. ಇರಬೇಕು ಎನ್ನುವುದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಭಾವನೂ ದಾರಿಯಲ್ಲಿ, "ಇವತ್ತು ಮೆತ್ತಗೆ ಮಾತಾಡ್ತೀನಿ ಕಣೋ. ಅಂಗಡಿಯೋರೆಲ್ಲ ನಮ್ಮೋರೇ. ಕೈಮುಗಿದು ಕೇಳಿದ್ರಾಯ್ತು" ಎಂದಿದ್ದರು. ಮೆತ್ತಗೆ ಶುರುವೂ ಮಾಡಿದರು. ಆದರೆ ನಾಯಕರು ಎಂದಿಗಿಂತ ತಡ ಮಾಡಿದರು. ಜನ ಆಕಳಿಸಿದರು, ಕಡಲೆಕಾಯಿ ಬಿಡಿಸಿದರು, ಹಿಂದಿನ ಸಾಲಿನವರು ಎದ್ದು ಪಂಚೆ ಕೊಡವಿಕೊಂಡರು. ಜನ ಎದ್ದರೆ ಭಾವನ ಉದ್ಯೋಗವೇ ಹೋಯಿತಲ್ಲ? ದನಿ ಏರಿತು. "ನಮ್ಮ ಅನ್ನ ತಿಂದು ನಮ್ಮ ಅಕ್ಷರ ಬರೆಯದವರು" ಎಂದರು. ಶಲ್ಯ ಹಾರಿತು, ನಾನು ಹೊಡೆದೆ, ಎದ್ದವರು ಕೂತರು. ಇನ್ನೊಂದು ಮೆಟ್ಟಿಲು ಏರಿದರು. ಶಲ್ಯ ಹಾರಿತು, ಹೊಡೆದೆ. ಹಿಂದೆ ನಿಂತಿದ್ದ ಹುಡುಗರು ಶಿಳ್ಳೆ ಹಾಕಿದರು. ಆಗ ಆಂಪ್ಲಿಫೈಯರಿನ ಪಕ್ಕ ಕೂತಿದ್ದ ಸೆಲ್ವಣ್ಣ ನನ್ನ ಹತ್ತಿರ ಬಗ್ಗಿ, "ತಂಬಿ, ಸೆಟ್ ಸ್ವಲ್ಪ ನೋಡ್ಕೋ, ಬಂದೆ" ಎಂದು ಹೇಳಿ ಎದ್ದುಹೋದ. ಬೀಡಿಗೆ ಹೋದನೆಂದುಕೊಂಡೆ.

ಭಾವ ಉತ್ತುಂಗಕ್ಕೆ ಬಂದಿದ್ದರು. "ನಾಳೆ ಬೆಳಗಾಗುವ ಹೊತ್ತಿಗೆ ಈ ಬಜಾರಿನಲ್ಲಿ ಪರಭಾಷೆಯ ಒಂದು ಬೋರ್ಡೂ ಉಳಿಯಕೂಡದು!" ಎಂದವರು ಗಕ್ಕನೆ ನಿಲ್ಲಿಸಿದರು. ಮೈದಾನ ಗಪ್‌ಚುಪ್. ನಾನು ಶಲ್ಯ ನೋಡಿದೆ. ಅದು ಅಲುಗಲಿಲ್ಲ. ಭಾವ ನೀರಿನ ಲೋಟ ಎತ್ತಿಕೊಂಡು, ಕುಡಿಯದೆ, ಲೋಟದೊಳಗೆ ನೋಡುತ್ತ ನಿಂತಿದ್ದರು. ಅಯ್ಯಯ್ಯೋ, ಇಂಥ ಮಾತಿಗೆ ಶಲ್ಯ ಹಾಕಿಕೊಳ್ಳುವುದನ್ನೇ ಮರೆತರಲ್ಲ ಎಂದು ನನಗೆ ಗಾಬರಿ. ಬುದ್ಧಿವಂತ ನಾನು! ಭಾವನ ಮಾನ ಕಾಪಾಡಬೇಕೆಂದು, ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಸನ್ನೆಯಿಲ್ಲದೆ ನಾನೇ ಹೊಡೆದೆ. ಮೈದಾನವೆಲ್ಲ ಹೊಡೆಯಿತು. ಹಿಂದಿದ್ದ ಹುಡುಗರ ಗುಂಪು ಹೋ ಎಂದು ಬಜಾರಿನ ಕಡೆ ಹೊರಟಿತು. ಆಮೇಲೆ ಭಾವ ಮೆಲ್ಲಗೆ ಶಲ್ಯವನ್ನು ಬಲಭುಜಕ್ಕೆ ಹಾಕಿಕೊಂಡರು.

ಸೆಲ್ವಣ್ಣ ಹೋಗಿದ್ದು ಬೀಡಿಗಲ್ಲ. ಅವನ ಅಂಗಡಿಯ ಬೋರ್ಡು ತಮಿಳು ಮತ್ತು ಇಂಗ್ಲಿಷಿನಲ್ಲಿತ್ತು. ಭಾಷಣ ಕೇಳಿದವನು ಸ್ಟೂಲು ಹಾಕಿಕೊಂಡು ಹತ್ತಿ, ತನ್ನ ಬೋರ್ಡನ್ನು ತಾನೇ ಬಿಚ್ಚುತ್ತಿದ್ದ. ಮೊಳೆಗಳೆಲ್ಲ ಬಂದಿದ್ದವು, ಒಂದು ಮಾತ್ರ ತುಕ್ಕು ಹಿಡಿದು ಬರಲಿಲ್ಲವಂತೆ. ಬೋರ್ಡಿಗೆಂದು ಬೀಸಿದ ಕಲ್ಲು ಅವನ ಎಡಗಿವಿಗೆ ಬಿತ್ತು, ಅವನು ಸ್ಟೂಲಿನಿಂದ ನೆಲಕ್ಕೆ ಬಿದ್ದ. ಆಸ್ಪತ್ರೆಯಲ್ಲಿ ತಲೆಗೆ ಹೊಲಿಗೆ ಹಾಕಿ ಜೀವ ಉಳಿಸಿದರು. ಕಿವಿ ಉಳಿಯಲಿಲ್ಲ. ಊರಿಗೆಲ್ಲ ಸೌಂಡ್ ಸರಿ ಮಾಡಿಕೊಡುವವನಿಗೆ ಒಂದು ಕಡೆಯ ಸೌಂಡ್ ಶಾಶ್ವತವಾಗಿ ಬಂದ್ ಆಯಿತು.

ಮುಂದೆ ಶುರುವಾಯಿತು ನೋಡಿ ನಮ್ಮ ಮನೆಯ ಕೋರ್ಟು. ಭಾವ ಹೇಳಿದರು: "ನಾನು ಬೋರ್ಡಿನ ಬಗ್ಗೆ ಮಾತಾಡಿದೀನಿ. ಕಿವಿ ಸುದ್ದಿ ಎತ್ತಿದೀನೇನೋ?" ಕಲ್ಲು ಹೊಡೆದ ಹುಡುಗ ನಮ್ಮ ಓಣಿಯವನೇ, ಅವನು ಅತ್ತುಕೊಂಡು, "ಸಾರ್ ಹೇಳಿದ್ರು, ಎಲ್ರೂ ಚಪ್ಪಾಳೆ ಹೊಡುದ್ರು, ನಾನು ಬೋರ್ಡಿಗೆ ಹೊಡುದೆ" ಎಂದ. ಸಬ್ ಇನ್ಸ್‌ಪೆಕ್ಟರು ಟೀ ಕುಡಿಯುತ್ತ, "ಮಾತಾಡಿದೋರು ಹೊಡ್ದಿಲ್ಲ, ಹೊಡ್ದೋರು ಮಾತಾಡಿಲ್ಲ, ನಾನು ಯಾರನ್ನ ಹಿಡೀಲಿ?" ಎಂದು ಕೇಳಿ, ಕೊನೆಗೆ ಹುಡುಗನನ್ನೇ ಹಿಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಚಪ್ಪಾಳೆ ಹೊಡೆದವನನ್ನು ಯಾವ ಕಾನೂನು ಕೇಳುತ್ತದೆ?

ಅಕ್ಕ ಮಾತ್ರ ಬಿಡಲಿಲ್ಲ. ಒಲೆಯ ಮುಂದೆ ನಿಂತು, ನಮ್ಮತ್ತ ತಿರುಗದೆಯೇ ಹೇಳಿದಳು: "ಬೀದಿಗೆ ದೀಪ ಬಂದಾಗ ನನ್ನ ಭಾಷಣದಿಂದ ಬಂತು ಅಂದ್ರಿ. ನಲ್ಲಿ ಬಂದಾಗ್ಲೂ ನನ್ನ ಭಾಷಣದಿಂದ ಅಂದ್ರಿ. ಸ್ಕೂಲಿಗೆ ಹೆಂಚು ಹಾಕಿದ್ದೂ ನಿಮ್ಮ ಭಾಷಣದಿಂದಾನೇ. ಈ ಕಲ್ಲೊಂದು ಮಾತ್ರ ತಾನಾಗೇ ಬಂತಾ?" ಭಾವ ತಟ್ಟೆಯಲ್ಲಿ ಕೈ ತೊಳೆದು ಎದ್ದರು. ಅಕ್ಕನ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಇಷ್ಟು ವರ್ಷ ಕಳೆದಿದ್ದೇನೆ. ಮಾತಿಗೆ ಶಕ್ತಿಯಿಲ್ಲ ಎಂದರೆ ಮಾತಾಡುವುದು ಯಾತಕ್ಕೆ? ಇದೆ ಎಂದರೆ ಅದು ನಲ್ಲಿಯ ತನಕ ಬಂದು ಕಲ್ಲಿನ ಹತ್ತಿರ ಮಾತ್ರ ನಿಂತುಬಿಡುತ್ತದೆಯೆ? ಹಾಗೆಂದು ಹುಡುಗನ ಕೈ ಭಾವನ ಕೈಯೂ ಅಲ್ಲ. ಅದೇ ಭಾಷಣ ಕೇಳಿ ನೂರಾರು ಜನ ಮನೆಗೆ ಹೋಗಿ ಮುದ್ದೆ ಉಂಡು ಮಲಗಿದರು.

ಭಾವ ಆಸ್ಪತ್ರೆಗೆ ಮೂಸಂಬಿ, ಬ್ರೆಡ್ಡು ತೆಗೆದುಕೊಂಡು ಹೋಗುತ್ತಿದ್ದರು. ಅಲ್ಲಿ ಕೂತು ಸೆಕೆಯ ಬಗ್ಗೆ, ವಿಮಾನದ ಸದ್ದಿನ ಬಗ್ಗೆ ಮಾತಾಡಿ ಬರುತ್ತಿದ್ದರು. ಎಂಥ ಸಭೆಯನ್ನೂ ಗಂಟೆಗಟ್ಟಲೆ ಹಿಡಿದಿಡುವ ಮನುಷ್ಯನಿಗೆ ಅಲ್ಲಿ ಆಡಬೇಕಾದ ಒಂದು ಸಣ್ಣ ಮಾತು ಬಾಯಿಗೆ ಬರಲಿಲ್ಲ. ಸೆಲ್ವಣ್ಣ ಆ ಮಾತಿಗೆ ಕಾಯುತ್ತಿದ್ದಾನೆಂದು ನನಗೂ ಗೊತ್ತಾಗುತ್ತಿತ್ತು. ಕಾದು ಕಾದು ಒಂದು ದಿನ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಅಲ್ಲಿಂದಾಚೆಗೆ ಭಾವ ಅವನ ಅಂಗಡಿಯ ಮುಂದೆ ಹಾದುಹೋಗದೆ ಸುತ್ತುಬಳಸಿ ಬಸ್‌ಸ್ಟಾಪಿಗೆ ಹೋಗತೊಡಗಿದರು. ಭಾಷಣವನ್ನೂ ಮೆಲ್ಲಮೆಲ್ಲಗೆ ಬಿಟ್ಟರು. ಈಗ ಕೆ.ಆರ್. ಪುರದಲ್ಲಿ ಸ್ವಂತ ಮನೆ ಕಟ್ಟಿಕೊಂಡು, ಟೀವಿಯ ಮುಂದೆ ಕೂತು, ಭಾಷಣ ಮಾಡುವವರನ್ನೆಲ್ಲ ಬೈಯುತ್ತಾರೆ.

ನಾನೇನು ಕಮ್ಮಿ? ಸೆಲ್ವಣ್ಣನ ಮನೆಗೆ ಹೋಗುವುದನ್ನು ನಾನು ಬಿಡಲಿಲ್ಲ. ಹೋದಾಗಲೆಲ್ಲ ಅವನ ಎಡಗಡೆಯ ಕುರ್ಚಿಯಲ್ಲೇ ಕೂರುತ್ತಿದ್ದೆ. ಅವನು ಟೀವಿ ನೋಡುತ್ತಿರುವಾಗ ಮೆಲ್ಲಗೆ, "ಸೆಲ್ವಣ್ಣ, ಆವತ್ತು ಮೊದಲು ಹೊಡೆದಿದ್ದು ನಾನು, ತಪ್ಪಾಯ್ತು" ಎನ್ನುತ್ತಿದ್ದೆ. ಅವನು ಟೀವಿ ನೋಡುತ್ತಲೇ ಇರುತ್ತಿದ್ದ. ನಾನು ಹಗುರಾಗಿ ಎದ್ದು ಬರುತ್ತಿದ್ದೆ. ಕೇಳದ ಕಿವಿಗೆ ಇಷ್ಟು ಸಲ ಕ್ಷಮೆ ಕೇಳಿದ ಪುಣ್ಯಾತ್ಮ ಈ ಊರಿನಲ್ಲಿ ಇನ್ನೊಬ್ಬನಿರಲಾರ.

ಈಗ ವಾಪಸ್ ಸಭೆಗೆ ಬನ್ನಿ. ಕಾರ್ಯದರ್ಶಿಗಳು ಗುಡುಗಿ ನಿಲ್ಲಿಸಿದ್ದಾರೆ. ನನ್ನ ಅಂಗೈಗಳು ಎದೆಯ ಹತ್ತಿರ ಬಂದು ನಿಂತಿವೆ. ನಾನು ಎರಡನ್ನೂ ತೊಡೆಯ ಕೆಳಗೆ ತುರುಕಿಕೊಂಡು ಅವುಗಳ ಮೇಲೆ ಕೂತುಬಿಟ್ಟೆ. ಹೆಂಡತಿ ವಿಚಿತ್ರವಾಗಿ ನೋಡಿದಳು. ಯಾರೂ ಹೊಡೆಯಲಿಲ್ಲ. ಕಾರ್ಯದರ್ಶಿಗಳು ಆಚೆ ಈಚೆ ನೋಡಿದರು. ಒಂದು ಗುಟುಕು ನೀರು ಕುಡಿದರು. ಗಂಟಲು ಸರಿಮಾಡಿಕೊಂಡು, "ಅಂದ್ರೆ, ನಾನು ಹೇಳಿದ್ದೇನಂದ್ರೆ, ಅವ್ರೂ ಬದುಕ್ಬೇಕಲ್ಲ. ಕೂರಿಸ್ಕೊಂಡು ಮಾತಾಡಿ, ಆ ಪಾರ್ಕಿನ ಪಕ್ಕ ಒಂದು ಜಾಗ ಗೊತ್ತು ಮಾಡೋಣ" ಎಂದರು.

ಅಂದು ಭಾವನೂ ನೀರಿನ ಲೋಟ ಹಿಡಿದು ನಿಂತಿದ್ದರಲ್ಲ? ಕೈಮುಗಿದು ಕೇಳುತ್ತೇನೆಂದು ಮನೆಯಿಂದ ಹೊರಟವರಲ್ಲವೆ? ಆ ಲೋಟ ಕೆಳಗಿಟ್ಟು ಅವರು ಏನು ಹೇಳಬೇಕೆಂದಿದ್ದರೋ! ಏನೂ ಇಲ್ಲದೆಯೂ ಇದ್ದಿರಬಹುದು. ಅದನ್ನು ಹೇಳುವಷ್ಟು ಪುರುಸೊತ್ತನ್ನು ನಾನು ಅವರಿಗೆ ಕೊಡಲಿಲ್ಲ.

ಸಭೆ ಮುಗಿಯುವ ಮೊದಲೇ ಎದ್ದು ಹಲಸೂರಿಗೆ ಆಟೋ ಹತ್ತಿದೆ. ಸೆಲ್ವಣ್ಣ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಎಂದಿನ ಕುರ್ಚಿಯನ್ನು ಎತ್ತಿಕೊಂಡು ಬಂದು ಅವನ ಬಲಗಡೆಗೆ ಹಾಕಿದೆ. ಅವನು ಕುರ್ಚಿಯನ್ನೂ ನನ್ನನ್ನೂ ನೋಡಿದ.

"ಸೆಲ್ವಣ್ಣ, ಆವತ್ತು ಮೈದಾನದಲ್ಲಿ ಮೊದಲು ಚಪ್ಪಾಳೆ ಹೊಡೆದಿದ್ದು ನಾನು. ಭಾವ ಸನ್ನೆ ಮಾಡಿರ್ಲಿಲ್ಲ."

ಅವನು ಎಡಗಿವಿಯನ್ನು ಬೆರಳಿನಿಂದ ಮುಟ್ಟಿಕೊಂಡು ಹೇಳಿದ:

"ಗೊತ್ತು ತಂಬಿ. ಅಂಗಡಿ ಮುಂದೇನೇ ಹಾರ್ನ್ ಕಟ್ಟಿದ್ದೆ. ನಿನ್ ಚಪ್ಪಾಳೆ ನಂಗೆ ಗೊತ್ತಾಗಲ್ವಾ? ಈ ಕಿವಿಗೆ ಕಡೇದಾಗಿ ಕೇಳಿಸಿದ್ದು ಅದೇ."

ನನ್ನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ. ಅವನು ಒಳಗೆ ಕೂಗಿ ಕಾಫಿ ತರಲು ಹೇಳಿದ. ಲೋಟ ಬಂದಾಗ ಎರಡೂ ಕೈಯಲ್ಲಿ ಹಿಡಿದುಕೊಂಡೆ.