ಅಪ್ಪನ ಮುಂದೆ ಓದದೆ ಉಳಿದ ಕರಡು

ಜೇವರ್ಗಿಯ ಕಾಲೇಜಿನಲ್ಲಿ ಈಗ ನಾನು ಪ್ರಬಂಧ ರಚನೆಯ ಪಾಠ ಮಾಡುತ್ತೇನೆ. ವರ್ಷಕ್ಕೊಮ್ಮೆಯಾದರೂ ಯಾರಾದರೊಬ್ಬ ಹುಡುಗಿ ಎದ್ದು ನಿಂತು ಕೇಳುತ್ತಾಳೆ, “ಮೇಡಂ, ಬರ್ದಿದ್ದನ್ನ ಎಷ್ಟ್ ಸಲ ತಿದ್ದಬೇಕ್ರಿ?” ನನಗೆ ಸರ್ರನೆ ಸಿಟ್ಟು ಬರುತ್ತದೆ. ಆ ಹುಡುಗಿಯ ತಪ್ಪೇನೂ ಇಲ್ಲ, ಪಾಪ. “ಮೊದ್ಲು ಬರಿಯವ್ವ, ಆಮ್ಯಾಲ ನೋಡೂಣು” ಎಂದು ಕೂಡಿಸಿಬಿಡುತ್ತೇನೆ. ನಾನು ಒಂದು ಪ್ರಬಂಧವನ್ನು ನಾಲ್ಕು ಸಲ ಬರೆದವಳು. ತಿದ್ದುತ್ತ ತಿದ್ದುತ್ತ ನನ್ನ ಅಕ್ಕನಿಗೆ ಮೋಸ ಮಾಡಿದವಳು.

ನಮ್ಮದು ಗೊಬ್ಬೂರ. ಅಪ್ಪ ಗೌಂಡಿ. ನೆಲಕ್ಕೆ ಪರ್ಸಿ ಕಲ್ಲು ಹಾಸುವುದರಲ್ಲಿ ಅವನ ಕೈ ಎಂದರೆ ಸುತ್ತಲಿನ ಹಳ್ಳಿಯವರು ಹುಡುಕಿಕೊಂಡು ಬರುತ್ತಿದ್ದರು. ಅವ್ವ ಕೂಲಿಗೆ ಹೊಲಕ್ಕೆ ಹೋಗುತ್ತಿದ್ದಳು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವಳು ಏಳನೆಯ ತರಗತಿ ಪಾಸಾದಾಗ ಆಳಂದದ ಒಂದು ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು, ಹೋಗಲಿಲ್ಲ. “ನನ್ನ ದೊಡ್ಡ ಮಗಳು ದೇವರಂಥಾಕಿ. ತಂಗೀನ ಬಿಟ್ಟು ನಾ ಹೋಗಂಗಿಲ್ಲ ಅಂದ್ಳು” ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಅವನ ದನಿ ತುಂಬಿ ಬರುತ್ತಿತ್ತು. ನಾನು ಕಾಲೇಜು ಸೇರುವಷ್ಟರಲ್ಲಿ ಅಕ್ಕನ ಮದುವೆಯಾಗಿತ್ತು. ನಮ್ಮ ಓಣಿಯಲ್ಲೇ ಕೊಟ್ಟಿದ್ದರು. ಬ್ಲೌಸ್ ಹೊಲಿಯುತ್ತಿದ್ದಳು.

ಅಫಜಲಪುರದಲ್ಲಿ ಬಿ.ಎ. ಮೊದಲ ವರ್ಷ. ಪ್ರಬಂಧ ಕಲಿಸಲು ಬಂದ ಮೇಡಂ ಯಡ್ರಾಮಿ ಕಡೆಯವರು, ಅತಿಥಿ ಉಪನ್ಯಾಸಕಿ. ಕೆಂಪು ಪೆನ್ನು ಮುಟ್ಟುತ್ತಿರಲಿಲ್ಲ, ಅವರದು ಬರೀ ಪೆನ್ಸಿಲ್ಲು. “ನಿಮ್ಮ ಮನೆಯವರೊಬ್ಬರ ಬಗ್ಗೆ ಬರೀರಿ” ಎಂದರು. ಹೈಸ್ಕೂಲಿನಲ್ಲಿ ಪ್ರಬಂಧ ಸ್ಪರ್ಧೆಯ ಬಹುಮಾನಗಳೆಲ್ಲ ನನ್ನವೇ. ನನಗೇನು ಕಲಿಸುತ್ತಾರೆ ಇವರು ಎಂಬ ಸೊಕ್ಕು ಮೈತುಂಬ ಇತ್ತು. ಒಂದೇ ಸಲಕ್ಕೆ ಕೂತು ಅಕ್ಕನ ಬಗ್ಗೆ ಬರೆದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ, ಎಲ್ಲ ಗೈಡಿನಲ್ಲಿದ್ದಂತೆ. ‘ತ್ಯಾಗಮಯಿ’, ‘ಮಮತೆಯ ಮಡಿಲು’, ‘ಬಾಳಿನ ದೀವಿಗೆ’.

ಮೇಡಂ ಅಂಕ ಕೊಡಲಿಲ್ಲ. “ಒಂದೊಂದ ಸಾಲು ಓದು. ಈ ಮಾತು ಬ್ಯಾರೆಯವರ ಅಕ್ಕಗೂ ಹೊಂದ್ತದೇನು ನೋಡು. ಹೊಂದಿದ್ರ ಹೊಡೆದ್ ಹಾಕು” ಎಂದರು. ಹೊಡೆಯುತ್ತ ಹೋದೆ. ದೀವಿಗೆ ಹೋಯಿತು, ಮಡಿಲು ಹೋಯಿತು. ಮೂರು ಪುಟದಲ್ಲಿ ಉಳಿದದ್ದು ಎರಡೇ ಸಾಲು. ಹೊಲಿಯುವಾಗ ಅಕ್ಕ ತುಟಿಯಲ್ಲಿ ಗುಂಡುಸೂಜಿ ಹಿಡಿದುಕೊಂಡಿರುತ್ತಾಳೆ ಎಂಬುದು ಒಂದು. ನನಗಾಗಿ ಆಳಂದದ ಸೀಟು ಬಿಟ್ಟಳು ಎಂಬುದು ಇನ್ನೊಂದು. ಆ ಎರಡನೆಯ ಸಾಲಿನ ಪಕ್ಕ ಮೇಡಂ ಪೆನ್ಸಿಲ್ಲಿನಲ್ಲಿ ಸಣ್ಣಗೆ ಬರೆದಿದ್ದರು: ‘ಅಕ್ಕನನ್ನು ಕೇಳಿದೆಯಾ?’

ಇದೇನು ಕೇಳುವ ಮಾತೇ? ಊರಿಗೆ ಊರೇ ಬಲ್ಲ ವಿಷಯ. ಬಸ್ಸಿನಲ್ಲಿ ಉದ್ದಕ್ಕೂ ಮನಸ್ಸಿನಲ್ಲೇ ಮೇಡಮ್ಮನ್ನು ಬೈದುಕೊಂಡು ಬಂದೆ. ಆದರೂ ಅಕ್ಕನ ಮನೆಗೆ ಹೋಗಿ, ಮಷೀನಿನ ಪಕ್ಕ ಕೂತು ಕೇಳಿದೆ. ಮಷೀನು ತುಳಿಯುತ್ತಿದ್ದ ಅಕ್ಕನ ಕಾಲು ನಿಂತಿತು.

“ನಾ ಬಿಟ್ಟೆ ಅಂತ ಯಾರ್ ಅಂದ್ರು?”

“ಅಪ್ಪ ಹೇಳ್ತಾನಲ್ಲ.”

ಅವಳು ತುಟಿಯಿಂದ ಗುಂಡುಸೂಜಿಗಳನ್ನು ಒಂದೊಂದೇ ತೆಗೆದಿಟ್ಟಳು. “ನಾ ಪೆಟಗಿ ತುಂಬಿಟ್ಟಿದ್ದೆ ಬೇ. ಎರಡ ಜತಿ ಬಟ್ಟಿ, ಒಂದ ತಾಟು, ಗ್ಲಾಸು. ಅಪ್ಪ ಆಳಂದಕ್ಕ ಹೋಗಿ ಬಂದ. ‘ಸೀಟು ಬ್ಯಾಡ ಅಂತ ಬರ್ದು ಕೊಟ್ಟು ಬಂದೇನಿ’ ಅಂದ. ನನ್ನ ಒಂದ ಮಾತು ಕೇಳಲಿಲ್ಲ. ಅವ್ವ ಕೂಲಿಗಿ ಹೋದ್ರ ನಿನ್ನ ಯಾರ್ ನೋಡ್ಕೋಬೇಕು? ಅದಕ್ಕ. ಎರಡ ದಿನದಾಗ ಓಣಿಗೆಲ್ಲ ನಾನೇ ಒಲ್ಲೆ ಅಂದೆ ಅಂತ ಹೇಳಿದ. ಹೇಳಿ ಹೇಳಿ ಅವಗೇ ಖರೇ ಅನಿಸಿಬಿಡ್ತು.”

“ಇಷ್ಟು ದಿನ ಯಾಕ ಸುಮ್ಮಿದ್ದಿ?”

“ಮಂದಿ ಎಲ್ಲ ಹೊಗಳಾಕತ್ತಿದ್ರು. ನಾ ಏನಂತ ಹೇಳ್ಲಿ?” ಎಂದಳು. ಆಮೇಲೆ ನನ್ನ ಹಾಳೆ ಇಸಿದುಕೊಂಡು ನಾನು ಹೊಡೆದು ಹಾಕಿದ್ದ ‘ತ್ಯಾಗಮಯಿ’ ಎಂಬ ದೊಡ್ಡ ಶಬ್ದದ ಮೇಲೆ ಬೆರಳಿಟ್ಟಳು. “ತ್ಯಾಗ ಅಂದ್ರ ನಾ ಕೊಟ್ಟಿದ್ದು ಆಗ್ಬೇಕಲ್ಲ? ನನ್ನ ಕೈಯಾಗಿಂದ ಕಸ್ಕೊಂಡಾರ.”

ನನಗೆ ಅಳು ಬಂತು. ಐದು ವರ್ಷದ ನಾನು ಏನೂ ಮಾಡಿರಲಿಲ್ಲ, ನಿಜ. ಆದರೆ ಆ ಸೀಟಿನ ಮೇಲೆ ಕೂತು ಕಾಲೇಜಿನ ತನಕ ಬಂದವಳು ನಾನೇ ಅಲ್ಲವೇ? ಅಕ್ಕ ಸಮಾಧಾನ ಮಾಡಲಿಲ್ಲ. ಮಷೀನು ತುಳಿಯತೊಡಗಿದಳು.

ಎರಡನೆಯ ಕರಡನ್ನು ಅವಳು ಹೇಳಿದಂತೆಯೇ ಬರೆದೆ. ‘ಅಪ್ಪ ಅಕ್ಕನನ್ನು ಕೇಳದೆ ಸೀಟು ಬಿಟ್ಟು ಬಂದ. ಅವಳೇ ಬಿಟ್ಟಳು ಎಂದು ಊರಿಗೆ ಹೇಳಿದ.’ ಎಲ್ಲ ಸೇರಿ ಒಂದೂವರೆ ಪುಟ. ಮೇಡಂ ಓದಿ ಪೆನ್ಸಿಲ್ಲು ಕೆಳಗಿಟ್ಟರು. “ಈಗ ಬಂದದ ನೋಡು” ಎಂದರು, ಅಷ್ಟೇ. ಮೊದಲ ಸಲ ಏನೋ ಬರೆದೆ ಅನ್ನಿಸಿತು.

ಅದನ್ನು ಅಕ್ಕನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದಳು. “ಇದನ್ನ ಅಪ್ಪನ ಮುಂದ ಓದು. ನನ್ನ ಬಾಯಿಲೆ ಬರಂಗಿಲ್ಲ. ಹಾಳಿ ಮ್ಯಾಲ ಬರದದ್ದಕ್ಕ ಅಪ್ಪ ಕಿವಿ ಕೊಡ್ತಾನ” ಎಂದಳು. ಅಕ್ಕ ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಓದುತ್ತೇನೆ ಎಂದು ಅವಳ ಕೈ ಮುಟ್ಟಿ ಹೇಳಿದೆ.

ಅಮಾವಾಸ್ಯೆಯ ದಿನ ಗೌಂಡಿಗಳಿಗೆ ಕೆಲಸವಿಲ್ಲ. ಅಪ್ಪ ಜಳಕ ಮಾಡಿ, ತೊಳೆದ ಧೋತ್ರ ಉಟ್ಟು ಕಟ್ಟೆಯ ಮೇಲೆ ಕೂತಿದ್ದ. ಅಕ್ಕ ಬಂದು ಹೊಸ್ತಿಲ ಹತ್ತಿರ ಕೂತಳು. “ಅಕ್ಕನ ಮ್ಯಾಲ ಏನೋ ಬರದೀ ಅಂತಲ್ಲ, ಓದವ್ವ, ಕೇಳೂಣು” ಎಂದ ಅಪ್ಪ. ಚೀಲದಲ್ಲಿ ಎರಡೂ ಕರಡು ಇದ್ದವು. ಅಪ್ಪನ ಮುಖ ನೋಡಿದೆ. ಎಂಥ ಹಿಗ್ಗಿತ್ತು ಆ ಮುಖದಲ್ಲಿ! ಸುಣ್ಣ ಸಿಮೆಂಟು ತಿಂದು ಒಡೆದ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಶಾಲೆಯ ಹುಡುಗನ ಹಾಗೆ ಕಾಯುತ್ತಿದ್ದ. ನನ್ನ ಕೈ ಮೊದಲನೆಯದನ್ನು ಎಳೆಯಿತು.

ಓದಿದೆ. ತ್ಯಾಗಮಯಿ, ಮಡಿಲು, ದೀವಿಗೆ, ಹೊಡೆದು ಹಾಕಿದ್ದೆಲ್ಲವನ್ನೂ ಓದಿದೆ. ಅಪ್ಪ ಟಾವೆಲ್ಲಿನಿಂದ ಕಣ್ಣು ಒರೆಸಿಕೊಂಡ. “ಕೇಳಿದಿ ಏನ್ ಬೇ, ನಿನ್ನ ತಂಗಿ ಹೆಂಗ ಬರದಾಳ!” ಎಂದು ಅಕ್ಕನ ಕಡೆ ತಿರುಗಿದ. ಅಕ್ಕ ಎದ್ದು, ಗಿರಾಕಿ ಬರುತ್ತಾರೆ ಎಂದು ಹೇಳಿ ಹೋದಳು. ನನಗೆ ಅಂದಿನಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ.

ಮರುದಿನ ಅಕ್ಕನ ಮನೆಗೆ ಹೋದೆ, ಅವಳ ಕಾಲು ಹಿಡಿಯುವುದೊಂದು ಬಾಕಿ. “ಅಪ್ಪಗ ಒಮ್ಮಿಗಿಲೆ ಎದೀಗಿ ಹತ್ತಬಾರ್ದಲ್ಲ ಅಕ್ಕ. ಒಂಚೂರು ತಿದ್ದಿ ಓದ್ತೇನಿ” ಎಂದೆ. ಅವಳು ಹೂಂ ಎಂದಳು. ಹೀಗೆ ಮೂರನೆಯದು ಬಂತು. ಅದರಲ್ಲಿ ‘ಅಂದಿನ ಮನೆಯ ಪರಿಸ್ಥಿತಿಯಲ್ಲಿ’ ಎಂದು ಸೇರಿಸಿದೆ. ಮುಂದಿನ ಅಮಾವಾಸ್ಯೆಗೆ ಪರೀಕ್ಷೆಯ ನೆವ ಹೇಳಿದೆ. ನಾಲ್ಕನೆಯದರಲ್ಲಿ ಅಪ್ಪ ಸೀಟು ಬಿಟ್ಟು ಬರಲೇ ಇಲ್ಲ, ಸೀಟು ತಾನಾಗಿ ಕೈತಪ್ಪಿತು. ಓದಲು ಬಲು ಚೆಂದವಿತ್ತು. ಮೇಡಂ ಪೆನ್ಸಿಲ್ಲಿನಲ್ಲಿ ಬರೆದರು: ‘ಭಾಷೆ ಚೆನ್ನಾಗಿದೆ. ಯಾರಿಗೆ ಹೆದರಿದೆ?’

ಅಕ್ಕ ನಾಲ್ಕನೆಯದನ್ನು ತಾನೇ ನಿಧಾನವಾಗಿ ಓದಿಕೊಂಡಳು. “ಛಲೋ ಬರದಿ. ಆದ್ರ ನನ್ನ ಸಿಟ್ಟು ಎಲ್ಲಿ ಹಾಕಿದಿ?” ಎಂದಳು. ನಾನು ಹಾಳೆಗೆ ಕೈ ಚಾಚಿದೆ. “ಒಂದ ಬ್ಲೌಸ್ ಎಷ್ಟ್ ಸಲ ಬಿಚ್ಚಿ ಹೊಲೀತಿ? ಬಟ್ಟೀನೇ ಹರಿದು ಹೋಗ್ತದ” ಎಂದು ಹಾಳೆ ಮಡಚಿ ಕೊಟ್ಟಳು. ಬರುವ ಅಮಾವಾಸ್ಯೆಗೆ ಖಂಡಿತ ಎರಡನೆಯದನ್ನೇ ಓದುತ್ತೇನೆ ಎಂದೆ. ಈ ಸಲ ಅವಳು ಹೂಂ ಅನ್ನಲಿಲ್ಲ.

ಆ ಅಮಾವಾಸ್ಯೆಗೆ ಇನ್ನೂ ಆರು ದಿನ ಇರುವಾಗ ಅಪ್ಪ ಮಟಕಿ ಎಂಬ ಊರಿನಲ್ಲಿ ಯಾರದೋ ಮನೆಗೆ ಪರ್ಸಿ ಹಾಸುತ್ತಿದ್ದವನು ಅಲ್ಲೇ ಕುಸಿದ. ಲಕ್ವಾ. ಬಲಗೈ, ಬಲಗಾಲು, ಅದರ ಜೊತೆಗೆ ಮಾತು ಹೋಯಿತು. ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ, ಎಲ್ಲ ಕೇಳಿಸುತ್ತದೆ, ಎಲ್ಲ ತಿಳಿಯುತ್ತದೆ, ಮಾತು ಮಾತ್ರ ಬರುವ ಭರವಸೆಯಿಲ್ಲ ಎಂದಿದ್ದರು ಡಾಕ್ಟರು. ಅಕ್ಕ ಮಷೀನಿಗೆ ಬಟ್ಟೆ ಹೊದಿಸಿ ನಮ್ಮ ಮನೆಯಲ್ಲೇ ಉಳಿದಳು. ಅಪ್ಪನ ಮೈ ಒರೆಸುವುದು, ಹೊರಳಿಸಿ ಮಲಗಿಸುವುದು, ಗಂಜಿ ಕುಡಿಸುವುದು ಎಲ್ಲ ಅವಳದೇ.

ಒಂದು ಮಧ್ಯಾಹ್ನ ನಾನು ಎರಡನೆಯ ಕರಡು ಹಿಡಿದು ಮಂಚದ ಹತ್ತಿರ ಹೋದೆ. ಅಕ್ಕ ಅಪ್ಪನ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಗಂಜಿ ಕುಡಿಸುತ್ತಿದ್ದಳು. “ಇವತ್ತ ಓದ್ತೇನಿ ಅಕ್ಕ. ಒಂದ ಅಕ್ಷರಾನೂ ಬದ್ಲಿ ಮಾಡಿಲ್ಲ” ಎಂದೆ.

“ಬ್ಯಾಡ.”

“ಕೇಳಸ್ತದ ಅಂದಾರಲ್ಲ ಡಾಕ್ಟ್ರು?”

“ಕೇಳಸ್ತದ.” ಅಪ್ಪನ ಗದ್ದದ ಮೇಲಿಳಿದ ಗಂಜಿಯನ್ನು ಸೆರಗಿನಿಂದ ಒರೆಸಿದಳು. “ಅಂವ ಕೇಳ್ಲಿ ಅಂತ ಅಲ್ಲ ಬೇ ನಾ ಓದು ಅಂದಿದ್ದು. ಕೇಳಿದ ಮ್ಯಾಲ ಅಂವ ಏನಂತಾನ, ಅದು ನನಗ ಬೇಕಿತ್ತು.”

ಅಪ್ಪ ನನ್ನ ಕೈಯಲ್ಲಿದ್ದ ಹಾಳೆಯನ್ನೂ ಅಕ್ಕನ ಮುಖವನ್ನೂ ನೋಡಿದ. ಓದು ಎನ್ನುವ ಹಾಗೆ ಎಡಗೈಯನ್ನು ಸ್ವಲ್ಪ ಎತ್ತಿದ. ಅಕ್ಕ ಆ ಕೈಯನ್ನು ಹಿಡಿದು ಮೆಲ್ಲಗೆ ಹಾಸಿಗೆಯ ಮೇಲಿಟ್ಟು, ಇನ್ನೊಂದು ಚಮಚ ತುಂಬಿಕೊಂಡಳು.

“ಬಾಯಿ ತೆಗಿಯಪ್ಪಾ” ಎಂದಳು.